ಕತ್ತಿಗೆ ಹತ್ತದ ಕೆಂಪು

ತೀರ್ಥಹಳ್ಳಿಯ ಆಚೆಗಿನ ನಮ್ಮೂರಿನಲ್ಲಿ ಅಡಿಕೆಗೆ ಮೊದಲ ಔಷಧಿ ಹೊಡೆಯುವ ದಿನ ನಮ್ಮ ಚಿಕ್ಕಪ್ಪ ಯಾರ ಮಾತನ್ನೂ ನಂಬುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಅವರಿಗೆ ಬಾಯಿಪಾಠವಾಗಿದ್ದರೂ, ಕದಡಿ ಮುಗಿದ ಮೇಲೆ ಡ್ರಮ್ಮಿನೊಳಗೆ ಕತ್ತಿಯ ಅಲಗನ್ನು ಅದ್ದಿ, ತುಸು ಹೊತ್ತು ಬಿಟ್ಟು ಹೊರತೆಗೆದು, ಬೆಳಕಿಗೆ ಹಿಡಿದು ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ಆಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬುಡದಲ್ಲಿ ಬೀಡಿ ಸೇದುತ್ತ ಕಾಯಬೇಕೇ ಹೊರತು, ಒಂದು ಹನಿ ದ್ರಾವಣವೂ ಮೇಲೆ ಹೋಗುವಂತಿಲ್ಲ.

ಇಂಥ ಚಿಕ್ಕಪ್ಪ ಕಳೆದ ವರ್ಷ ಮಗನ ಆನ್‌ಲೈನ್ ಎಂ.ಬಿ.ಎ.ಗೆಂದು, ಫೋನಿನಲ್ಲಿ ಮಾತ್ರ ಕೇಳಿದ ಒಂದು ಇಂಪಾದ ದನಿಗೆ 60,000 ರೂಪಾಯಿ ಕಳಿಸಿಬಿಟ್ಟರು.

ಆ ವಿಶ್ವವಿದ್ಯಾಲಯವು ಮಲೆನಾಡಿಗೆಂದೇ ಹೇಳಿ ಮಾಡಿಸಿದಂತಿತ್ತು ಎಂಬುದನ್ನು ಒಪ್ಪಲೇಬೇಕು. ನಮ್ಮ ಕಡೆಯ ಮಕ್ಕಳು ಕೊರೋನಾ ಕಾಲದಲ್ಲಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿ, ಕೊಡೆಯಡಿಯಲ್ಲಿ ಕೂತು ಪಾಠ ಕೇಳಿದವರು. ಈ ವಿಶ್ವವಿದ್ಯಾಲಯದಲ್ಲಿ ಪಾಠ, ಪರೀಕ್ಷೆ, ಮೇಷ್ಟ್ರು ಇವು ಯಾವುವೂ ಇಲ್ಲವಾದ್ದರಿಂದ, ಹಣ ಆಚೆ ಹೋಗುವಷ್ಟು ಹೊತ್ತು ಸಿಗ್ನಲ್ ನಿಂತರೆ ವಿದ್ಯಾಭ್ಯಾಸ ಸಂಪನ್ನವಾಗುತ್ತದೆ. ಶಂಕರಘಟ್ಟದಲ್ಲಿ 1987ರಿಂದ ಇರುವ ಕುವೆಂಪು ವಿಶ್ವವಿದ್ಯಾಲಯಕ್ಕೆ ಇಷ್ಟು ವರ್ಷವಾದರೂ ಈ ಸೌಲಭ್ಯವನ್ನು ಕಲ್ಪಿಸಲು ಸಾಧ್ಯವಾಗಿಲ್ಲ.

ಮಾನ್ಯತೆಯ ವಿಷಯದಲ್ಲಂತೂ ಆ ಸಂಸ್ಥೆ ಕಿಂಚಿತ್ತೂ ಕೊರತೆ ಮಾಡಿರಲಿಲ್ಲ. ಜಾಲತಾಣದ ತಳದಲ್ಲಿ ದೇವಸ್ಥಾನದ ಗಂಟೆಗಳಂತೆ ಸಾಲಾಗಿ ಮುದ್ರೆಗಳು ತೂಗುತ್ತಿದ್ದವು. ಒಂದು ಐಎಸ್‌ಒ, ಒಂದು ಟ್ರಸ್ಟ್ ನೋಂದಣಿ, ಮತ್ತೊಂದು ಸಣ್ಣ ಕೈಗಾರಿಕೆಯ ನೋಂದಣಿ. ಇವು ಮೂರನ್ನೂ ಮನಸ್ಸು ಮಾಡಿದರೆ ಉಪ್ಪಿನಕಾಯಿ ಮಾಡುವವರೂ ಪಡೆಯಬಹುದು, ಪಡೆದವರೂ ಇದ್ದಾರೆ. ನಾಲ್ಕನೆಯದು ಒಂದು ‘ಅಂತರರಾಷ್ಟ್ರೀಯ ಮಾನ್ಯತಾ ಮಂಡಳಿ’ಯದು. ಕುತೂಹಲಕ್ಕೆ ಆ ಮಂಡಳಿಯ ತಾಣವನ್ನು ತೆರೆದು ನೋಡಿದಾಗ, ವಿಶ್ವವಿದ್ಯಾಲಯ ‘ಎಕ್ಸಲೆನ್ಸ್’ ಎಂಬ ಪದವನ್ನು ಎಲ್ಲಿ ತಪ್ಪಿ ಬರೆದಿತ್ತೋ ಮಂಡಳಿಯೂ ಅಲ್ಲಿಯೇ ತಪ್ಪಿ ಬರೆದಿತ್ತು. ಶಿವಮೊಗ್ಗದ ಮಂಡಿಗೆ ಕೀಳುದರ್ಜೆಯ ಗೊರಬಲು ಅಡಿಕೆ ತಂದವನು ತಾನೇ ಅದಕ್ಕೆ ಮೇಲ್ದರ್ಜೆಯ ‘ಸರಕು’ ಎಂದು ಚೀಟಿ ಅಂಟಿಸಿ, ತಾನೇ ದರ ಕೂಗಿದರೆ ಚಿಕ್ಕಪ್ಪ ಚೀಲಕ್ಕೆ ಕೈ ಹಾಕಿ ನಾಲ್ಕು ಅಡಿಕೆ ಕತ್ತರಿಸಿ ನೋಡದೆ ಬಿಡುತ್ತಿದ್ದರೇ? ಆದರೆ ಇದು ವಿದ್ಯೆ. ವಿದ್ಯೆಯನ್ನು ಕತ್ತರಿಸಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಜೀವನಾನುಭವಕ್ಕೂ ಪದವಿ ಕೊಡುವುದು ಈ ಅಂಗಡಿಗಳ ಇನ್ನೊಂದು ಔದಾರ್ಯ. ಅಮೆರಿಕದಲ್ಲಿ 2004ರಲ್ಲಿ ಪೆನ್ಸಿಲ್ವೇನಿಯಾದ ತನಿಖಾಧಿಕಾರಿಗಳು ಕಾಲ್ಬಿ ನೋಲನ್ ಎಂಬ ಹೆಸರಿನಲ್ಲಿ ಇಂಥದೊಂದು ಕಡೆ ಪದವಿಗೆ ಅರ್ಜಿ ಹಾಕಿದಾಗ, ಅರ್ಜಿದಾರರ ಅನುಭವವನ್ನು ಮೆಚ್ಚಿ ಒಟ್ಟು 399 ಡಾಲರಿಗೆ ಎಂ.ಬಿ.ಎ.ಯನ್ನೇ ದಯಪಾಲಿಸಲಾಯಿತು. ಕಾಲ್ಬಿ ನೋಲನ್ ಒಂದು ಬೆಕ್ಕು. ನಮ್ಮ ಚಿಕ್ಕಪ್ಪನ ಮನೆಯ ಬೆಕ್ಕು ಅಡಿಕೆ ಅಟ್ಟವನ್ನು ಇಲಿಗಳಿಂದ ಕಾದುಕೊಂಡು ಬಂದು ಹನ್ನೊಂದು ವರ್ಷವಾಗಿದೆ. ಗೋದಾಮು ನಿರ್ವಹಣೆಯಲ್ಲಿ ಅದಕ್ಕೆ ಡಾಕ್ಟರೇಟ್ ಸಲ್ಲದು ಎನ್ನಲು ನನಗಂತೂ ಧೈರ್ಯವಿಲ್ಲ. ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಅನುದಾನ ಆಯೋಗ, ಅಂದರೆ ಯುಜಿಸಿಗೆ ಆ ಧೈರ್ಯವಿದೆ. ಆನ್‌ಲೈನಿನಲ್ಲಿ ಪಿಎಚ್.ಡಿ.ಯೇ ಇಲ್ಲ, ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳೂ ಇಲ್ಲ ಎಂದು ಅದು ಹೇಳುತ್ತಲೇ ಬಂದಿದೆ.

ಕಾನೂನಿನ ಕಾಠಿಣ್ಯವನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1956ರ ಯುಜಿಸಿ ಕಾಯ್ದೆಯ 22ನೇ ಕಲಮಿನ ಪ್ರಕಾರ ಸಂಸತ್ತಿನ ಅಥವಾ ರಾಜ್ಯದ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ನೀಡಬಹುದು. ಇದನ್ನು ಮೀರಿದವರಿಗೆ 24ನೇ ಕಲಮು ವಿಧಿಸಿರುವ ದಂಡ 1,000 ರೂಪಾಯಿಯವರೆಗೆ. ಎರಡು ಕಿಲೋ ಸರಕು ಅಡಿಕೆಗೆ ಇದಕ್ಕಿಂತ ಹೆಚ್ಚು ಬೆಲೆ ಇದೆ.

ಹಣ ಕಳಿಸಿ ಎಂಟು ತಿಂಗಳಾದ ಮೇಲೆ, ಪ್ರಮಾಣಪತ್ರ ಮನೆಗೆ ಬಂದ ಮೇಲೆ, ಮಗನ ಮದುವೆಯ ಮಾತುಕತೆಯೂ ಮುಗಿದ ಮೇಲೆ ಚಿಕ್ಕಪ್ಪನಿಗೆ ಸಣ್ಣದೊಂದು ಅನುಮಾನ ಹುಟ್ಟಿತು. ಪತ್ರದ ಬಂಗಾರದ ಮುದ್ರೆಯನ್ನು ಅವರು ಅಭ್ಯಾಸಬಲದಿಂದ ಉಗುರಿನಲ್ಲಿ ಕೆರೆದಿದ್ದರು. “ಬಣ್ಣ ಬಿಡ್ತಿದೆ ಮಾರಾಯ” ಎಂದು ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನಿಂತು ಯುಜಿಸಿಯ ದೂರಶಿಕ್ಷಣ ಬ್ಯೂರೋದ ತಾಣವನ್ನು ತೆರೆದೆ. ಯಾವ ವಿಶ್ವವಿದ್ಯಾಲಯಕ್ಕೆ, ಯಾವ ವರ್ಷಕ್ಕೆ, ಯಾವ ಆನ್‌ಲೈನ್ ಕೋರ್ಸಿಗೆ ಅನುಮತಿ ಇದೆ ಎಂಬುದೆಲ್ಲ ಅದರಲ್ಲಿದೆ. 2024-25ರಿಂದ ಸೇರುವ ವಿದ್ಯಾರ್ಥಿ ಮೊದಲು ಅಲ್ಲಿಯೇ ಆ ಬ್ಯೂರೋದ ಗುರುತಿನ ಸಂಖ್ಯೆಯಾದ ಡೆಬ್ ಐಡಿ ಮಾಡಿಕೊಳ್ಳಬೇಕು. ಆ ಇಂಪಾದ ದನಿ ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಪುಟ ಬಿಚ್ಚಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಹೆಸರು ಇರಲಿಲ್ಲ.

“ಹಂಗಾದ್ರೆ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಅಂತ ಬೇರೆ ಬಿಡ್ತಾರಲ್ಲ, ಅದ್ರಲ್ಲಿ ನೋಡು” ಎಂದರು.

ನೋಡಿದೆ. ಅದರಲ್ಲೂ ಇರಲಿಲ್ಲ.

“ನೋಡಿದ್ಯಾ! ನಕಲಿ ಅಲ್ಲ ಅಂತ ಸರ್ಕಾರವೇ ಹೇಳಿದ ಹಾಗಾಯ್ತು.”

ಆ ಪಟ್ಟಿಯಲ್ಲಿರುವವರು ಕಣ್ಣಿಗೆ ಬಿದ್ದ ಕಳ್ಳರು ಮಾತ್ರ, ಬೀಳದವರೆಲ್ಲ ಸಭ್ಯರೆಂದು ಅದರ ಅರ್ಥವಲ್ಲ ಎಂದು ನಾನು ವಿವರಿಸಲು ಹೊರಡುವಷ್ಟರಲ್ಲಿ, ಸಿಗ್ನಲ್ ಹೇಗೂ ಇದೆಯಲ್ಲ ಎಂದು ಚಿಕ್ಕಪ್ಪ ಕರೆಯೋಲೆಯ ಪ್ರೆಸ್ಸಿಗೆ ಫೋನು ಹಚ್ಚಿಯಾಗಿತ್ತು. ಹುಡುಗನ ಹೆಸರಿನ ಮುಂದಿನ ಎಂ.ಬಿ.ಎ. ಸ್ವಲ್ಪ ದಪ್ಪ ಅಕ್ಷರದಲ್ಲಿರಲಿ, ಬಂಗಾರದ ಬಣ್ಣವಾದರೆ ಒಳ್ಳೆಯದು, ಆದರೆ ಬಣ್ಣ ಬಿಡಬಾರದು ಎಂದು ಅವರು ಒತ್ತಿ ಒತ್ತಿ ಹೇಳುತ್ತಿದ್ದರು.