ಅಕ್ಕನ ರಿಪೋರ್ಟಿನಲ್ಲಿ ಯಾರೂ ಓದಿ ಹೇಳದ ಸಾಲು

ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟ ಬಸ್ಸು ಅಣ್ಣಿಗೇರಿ ದಾಟಿತ್ತು. ಅಕ್ಕನ ಪೆಟ್-ಸಿಟಿ (ಮೈಯಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ನೋಡುವ ಸ್ಕ್ಯಾನ್) ರಿಪೋರ್ಟನ್ನು ಇನ್ನೊಮ್ಮೆ ತೆಗೆದು ಓದಿದೆ. ಎದೆಯ (ಸ್ತನದ) ಕ್ಯಾನ್ಸರ್ ಗಂಟಿನ ಬಗ್ಗೆ ಅರ್ಧ ಪುಟ ಇತ್ತು. ಅದನ್ನು ಡಾಕ್ಟರ್ ಸಮಾಧಾನದಿಂದ ತಿಳಿಸಿ ಹೇಳಿದ್ದರು. ಲಿವರ್, ಎಲುಬಿಗೆ ಏನೂ ಹಬ್ಬಿಲ್ಲ ಎಂದಿದ್ದರು. ಆದರೆ ಕುತ್ತಿಗೆಯ ಬಗ್ಗೆ ಬರೆದ ಕಡೆ ಒಂದು ಸಾಲಿತ್ತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಬಲಭಾಗದಲ್ಲಿ ಒಂದೇ ಜಾಗದಲ್ಲಿ ಸ್ಕ್ಯಾನಿನ ಔಷಧ ಜಾಸ್ತಿ ಹಿಡಿದಿದೆ, ಅಲ್ಟ್ರಾಸೌಂಡ್ ಮಾಡಿಸಿ ಅಂತ. ಅದರ ಮಾತೇ ಬಂದಿರಲಿಲ್ಲ.

ಅಕ್ಕ ಕಿಟಕಿ ಪಕ್ಕ ಸೆರಗನ್ನು ಕೊರಳಿಗೆ ಸುತ್ತಿಕೊಂಡು ಕೂತಿದ್ದಳು. "ಏನಂತ ಬರದಾರ?" ಎಂದು ಕೇಳಿದಳು. ನನಗೆ ಬಾಯೇ ಬರಲಿಲ್ಲ.

ಆಮೇಲೆ ಕೇಳಿ, ಓದಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಈ ಸ್ಕ್ಯಾನಿಗೆ ಮೊದಲು ಕೊಡುವ ಇಂಜೆಕ್ಷನ್ ಸಕ್ಕರೆಯಂಥದ್ದು. ಅದನ್ನು ಜಾಸ್ತಿ ಎಳೆದುಕೊಂಡ ಜಾಗ ಹೊಳೆಯುತ್ತದೆ. ನೂರು ಜನರಿಗೆ ಸ್ಕ್ಯಾನ್ ಮಾಡಿದರೆ ಒಬ್ಬರಿಗೋ ಇಬ್ಬರಿಗೋ ಥೈರಾಯ್ಡಿನಲ್ಲಿ ಹೀಗೆ ಒಂದು ಚುಕ್ಕೆ ಕಾಣುತ್ತದೆ. ಇಡೀ ಗ್ರಂಥಿ ಒಂದೇ ಸಮ ಹೊಳೆದರೆ ಅದು ಸಾಮಾನ್ಯವಾಗಿ ಉರಿಯೂತ. ಒಂದೇ ಕಡೆ ಹೊಳೆದರೆ ಮಾತ್ರ ಬಿಡುವ ಹಾಗಿಲ್ಲ. ಅಂಥ ಚುಕ್ಕೆಯನ್ನು ಪರೀಕ್ಷೆ ಮಾಡಿಸಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ. ಉಳಿದವರದು ಬರೀ ಗಂಟು.

ಊರಲ್ಲಿ ಸುದ್ದಿ ಮುಟ್ಟುವಷ್ಟರಲ್ಲಿ "ಕುತ್ತಿಗೆಗೂ ಹಬ್ಬೇತಂತ" ಆಗಿಬಿಟ್ಟಿತ್ತು. ಹಾಗಲ್ಲ. ಎದೆಯ ಕ್ಯಾನ್ಸರ್ ಥೈರಾಯ್ಡಿಗೆ ಹೋಗುವುದು ಬಹಳ ಅಪರೂಪ. ಅಲ್ಲಿ ಕ್ಯಾನ್ಸರ್ ಸಿಕ್ಕರೂ ಹೆಚ್ಚಾಗಿ ಅದು ಬೇರೆಯದೇ, ನಿಧಾನವಾಗಿ ಬೆಳೆಯುವಂಥದ್ದು. ಮಾಡಬೇಕಾದದ್ದೂ ದೊಡ್ಡದಲ್ಲ. ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ) ರಕ್ತಪರೀಕ್ಷೆ, ಕುತ್ತಿಗೆಯ ಅಲ್ಟ್ರಾಸೌಂಡ್, ಗಂಟು 1 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ ಪರೀಕ್ಷೆ (ಸಣ್ಣ ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವುದು).

ಹಾಗಂತ ಏನೂ ಇಲ್ಲದವರೆಲ್ಲ ಸುಮ್ನೆ ಕುತ್ತಿಗೆ ಸ್ಕ್ಯಾನ್ ಮಾಡಿಸಿ ಅಂತ ನಾನು ಹೇಳುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಹುಡುಕುತ್ತಾ ಹೋಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ 15 ಪಟ್ಟು ಆಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು.

ನನ್ನ ತಕರಾರು ಆ ಒಂದು ಸಾಲಿನದು. ಬರೆದ ಮೇಲೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು ಅಲ್ವಾ? ಎರಡೇ ನಿಮಿಷ ಸಾಕಿತ್ತು. ಇಂಗ್ಲಿಷ್ ಓದಲು ಬಾರದ ಎಷ್ಟೋ ಅಕ್ಕಂದಿರ ಕವರಿನಲ್ಲಿ ಇಂಥ ಸಾಲು ಹಾಗೇ ಮನೆಗೆ ಹೋಗಿ ಟ್ರಂಕಿನಲ್ಲಿ ಉಳಿದಿರಬಹುದು. ನಿಮ್ಮ ಮನೆಯ ರಿಪೋರ್ಟನ್ನು ದಯವಿಟ್ಟು ಕೊನೆಯ ಪುಟದವರೆಗೂ ಓದಿಸಿ. "ಕುತ್ತಿಗೆದ್ದು ಏನ್ ಬರದೀರಿ?" ಎಂದು ಕೇಳಲು ಸಂಕೋಚ ಬೇಡ.

ಶುಕ್ರವಾರ ಅಕ್ಕನಿಗೆ ಸೂಜಿ ಪರೀಕ್ಷೆ ಇದೆ. ಸೋಮವಾರ ಮೊದಲ ಕೀಮೋ. ಸೂಜಿ ಪರೀಕ್ಷೆಯ ಫಲಿತಾಂಶಕ್ಕಾಗಿ ಕೀಮೋವನ್ನು ಮುಂದೆ ಹಾಕುವುದು ಬೇಡ ಎಂದು ಡಾಕ್ಟರ್ ಹೇಳಿದ್ದಾರೆ.