ಅತ್ತೆಗಾಗದ ನಕ್ಷತ್ರ

ಆಶ್ಲೇಷಾ ನಕ್ಷತ್ರದ ಸೊಸೆ ಇರುವ ಮನೆಯಲ್ಲಿ ಅತ್ತೆಗೆ ಸೀನು ಬಂದರೂ ಆರೋಪಿಯನ್ನು ಹುಡುಕಬೇಕಾಗಿಲ್ಲ. ಅವಳು ಅಡುಗೆಮನೆಯಲ್ಲೇ ಒಗ್ಗರಣೆ ಹಾಕುತ್ತಿರುತ್ತಾಳೆ. ಇಷ್ಟು ವರ್ಷ ಈ ಮೊಕದ್ದಮೆ ಹೊಸ್ತಿಲು ದಾಟಿರಲಿಲ್ಲ. ಮೊನ್ನೆ ಮೂಳೆ ವೈದ್ಯರ ಮೇಜಿನವರೆಗೂ ಹೋಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಜಾತಕ ಹಿಡಿದು ಓಡಾಡಿದ ಎಲ್ಲರಿಗೂ ಈ ಪಟ್ಟಿ ಬಾಯಿಪಾಠ: ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ಗಂಡಿನ ಮನೆಯವರಿಗೆಲ್ಲ ತಲೆಗೊಂದರಂತೆ ನಕ್ಷತ್ರ ಹಂಚಿಯಾಗಿದೆ. ಹಳೆಯ ಮುಹೂರ್ತ ಗ್ರಂಥ ಮೂಲಾ, ಆಶ್ಲೇಷಾಗಳ ದೋಷವನ್ನು ವಧುವಿಗೂ ವರನಿಗೂ ಸೇರಿಸಿಯೇ ಹೇಳಿದೆ. ಆದರೆ ವರನ ನಕ್ಷತ್ರ ಕೇಳಿ ತನ್ನ ಆಯುಸ್ಸಿಗೆ ಹೆದರಿದ ಹೆಣ್ಣಿನ ತಾಯಿಯನ್ನು ನಾನಂತೂ ಕಂಡಿಲ್ಲ. ಪಾಪ, ಆಕೆಗೆ ಛತ್ರದ ಬಾಡಿಗೆಯ ಚಿಂತೆಯೇ ಸಾಕಾಗಿರುತ್ತದೆ.

ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂಬತ್ತನೆಯದಾದ ಈ ಆಶ್ಲೇಷಾ ನನ್ನದು. ಒಂದೊಂದು ನಕ್ಷತ್ರಕ್ಕೂ ಪಾದವೆಂಬ ನಾಲ್ಕು ಭಾಗ. ಪೂರ್ತಿ ಕರ್ಕಾಟಕ ರಾಶಿಯೊಳಗೇ ಇದೆ, ಅಧಿಪತಿ ಬುಧ, ದೇವತೆ ಸರ್ಪ. ಗಣ ರಾಕ್ಷಸ, ಯೋನಿ ಬೆಕ್ಕು. ನನ್ನವರದು ಹುಬ್ಬಾ, ಮನುಷ್ಯ ಗಣ, ಇಲಿ. ಅಂಕ ಹಾಕಿ ಜಾತಕ ಹೊಂದಿಸುವ ಮೇಳಾಮೇಳಿಯಲ್ಲಿ ಯೋನಿಗೂ ಸೊನ್ನೆ, ಗಣಕ್ಕೂ ಸೊನ್ನೆ. ನಾಡಿಯ ಎಂಟು ಅಂಕ ಪೂರ್ತಿ ಸಿಕ್ಕಿದ್ದಷ್ಟೇ ಸಮಾಧಾನ. ಬೆಳಗಿನ ಟಿವಿ ಜ್ಯೋತಿಷಿ ‘ಆಶ್ಲೇಷಾದವರು ಚತುರರು, ಗುಟ್ಟು ಬಿಡದವರು, ಮಾತಿನಲ್ಲೇ ಕಚ್ಚಬಲ್ಲವರು’ ಎಂದಾಗಲೆಲ್ಲ ಅತ್ತೆ ಧ್ವನಿ ಹೆಚ್ಚಿಸುತ್ತಾರೆ. ಇಲಿ ಪೇಪರಿನ ಹಿಂದೆ ಸರಿಯುತ್ತದೆ.

ಮೊನ್ನೆ ಆದದ್ದು ಹೀಗೆ. ಅತ್ತೆಗೆ ಹಿಮ್ಮಡಿ ನೋವು. ಟೋಕನ್ ಹಿಡಿದು ಕಾದು ಕಾದು ಅಂತೂ ಒಳಗೆ ಹೋದೆವು. ವೈದ್ಯರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ‘ಯಾವಾಗಿನಿಂದ ಅಮ್ಮ?’ ಎಂದರು. ಅತ್ತೆ ನನ್ನತ್ತ ಗದ್ದ ಎತ್ತಿ ತೋರಿಸಿ, ‘ಇವಳು ಕಾಲಿಟ್ಟಾಗಿನಿಂದ ಒಂದಲ್ಲ ಒಂದು ಇದ್ದದ್ದೇ, ಆಶ್ಲೇಷಾ ನೋಡಿ’ ಎಂದರು. ವೈದ್ಯರ ಕಿವಿಗೆ ಅದು ಬಿದ್ದಂತಿರಲಿಲ್ಲ.

‘ಯಾವ ಪಾದ?’

‘ಮೂರನೆಯದು.’

ಟೈಪ್ ಮಾಡುತ್ತಿದ್ದ ಬೆರಳುಗಳು ನಿಂತವು. ವೈದ್ಯರು ಮೆಲ್ಲನೆ ಬಾಗಿ ಮೇಜಿನ ಕೆಳಗೆ ನೋಡಿದರು. ಅಲ್ಲಿ ಎಂದಿನಂತೆ ಎರಡೇ ಇದ್ದವು. ನನ್ನತ್ತ ನೋಡಿದರು. ಇಂಥ ಹೊತ್ತಿನಲ್ಲಿ ಸೊಸೆಯಾದವಳು ಏನು ಹೇಳಬೇಕು? ‘ಅದು ನನ್ನ ಪಾದ ಡಾಕ್ಟರೇ’ ಎಂದೆ. ಅವರು ನನ್ನ ಕಾಲುಗಳನ್ನೂ ನೋಡಿದರು! ‘ಮೊದಲ ಪಾದವಾಗಿದ್ದರೆ ಏನೂ ತೊಂದರೆ ಇರಲಿಲ್ಲ’ ಎಂದು ಅತ್ತೆ ವಿವರಿಸಿದರು. ವೈದ್ಯರು ಎಕ್ಸ್‌ರೇಗೆ ಬರೆದುಕೊಟ್ಟರು, ಎರಡೂ ಕಾಲಿಗೆ. ಹಣ ಕಟ್ಟಲು ಸಾಲಿನಲ್ಲಿ ನಿಂತದ್ದು ಮಾತ್ರ ಆಶ್ಲೇಷಾ.

ಅತ್ತೆ ಹೇಳಿದ ಶಾಸ್ತ್ರವೇನೋ ಸರಿ. ಮೊದಲ ಪಾದಕ್ಕೆ ದೋಷವಿಲ್ಲ ಎನ್ನುತ್ತಾರೆ. ಚಂದ್ರ ಒಂದು ಪಾದ ದಾಟಲು ಸುಮಾರು ಆರು ಗಂಟೆ ಬೇಕು. ನನ್ನ ಜಾತಕ ಹೋದಷ್ಟೇ ವೇಗದಲ್ಲಿ ಹಿಂದಿರುಗುತ್ತಿದ್ದ ದಿನಗಳಲ್ಲಿ ನಮ್ಮ ಊರಿನ ಜೋಯಿಸರೊಬ್ಬರು, ‘ಹುಟ್ಟಿದ ಹೊತ್ತನ್ನು ಬೆಳಗಿಗೆ ಹಾಕಿಬಿಡೋಣ, ಯಾರು ನೋಡಿದ್ದಾರೆ?’ ಎಂದಿದ್ದರು. ‘ನಾನು ನೋಡಿದ್ದೇನೆ’ ಎಂದಿದ್ದಳು ಅಮ್ಮ. ‘ದೀಪ ಹಚ್ಚುವ ಹೊತ್ತಿಗೆ ಹುಟ್ಟಿದವಳು. ಹಗಲೆಲ್ಲ ನೋವು ತಿಂದದ್ದು ಸುಳ್ಳೇನು?’ ಹಾಗೆ ನೋಡಿದರೆ ಮೂರನೆಯ ಪಾದ ಹೆತ್ತ ತಾಯಿಗೇ ಆಗದು ಎಂಬ ಮಾತಿದೆ. ಅಮ್ಮ ಅದನ್ನು ಒಮ್ಮೆಯೂ ಆಡಿದವಳಲ್ಲ. ಬಂದವರಿಗೆಲ್ಲ ಉಪ್ಪಿಟ್ಟು ಕೇಸರಿಬಾತು ಮಾಡಿ, ಆಮೇಲೆ ತಟ್ಟೆಗಳನ್ನು ತಾನೇ ತೊಳೆದಿಡುತ್ತಿದ್ದಳು, ನನ್ನ ಕೈಗೆ ಕೊಡುತ್ತಿರಲಿಲ್ಲ.

ಆ ಉಪ್ಪಿಟ್ಟು ತಿಂದವರಲ್ಲಿ ಒಪ್ಪಿಕೊಂಡವರು ಈ ಅತ್ತೆ ಒಬ್ಬರೇ. ಅದನ್ನು ಅವರು ಮರೆತಿಲ್ಲ, ನನಗೂ ಮರೆಯಗೊಟ್ಟಿಲ್ಲ. ನಾನು ಬಂದ ಮೇಲೆ ದೋಷ ಕಳೆಯಲೆಂದು ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಪೂಜೆ ಮಾಡಿಸಿದ್ದೂ ಆಯಿತು. ಸಂಕಲ್ಪಕ್ಕೆ ಕುಳಿತಾಗ ಮಂಡಿ ಮಡಚಲಾಗದೆ ‘ಅಯ್ಯೋ ಅಮ್ಮಾ’ ಎಂದವರು, ಊಟಕ್ಕೆ ಬಿಟ್ಟರು ಎಂದಾಗ ನನ್ನನ್ನೂ ಮಗನನ್ನೂ ಹಿಂದೆ ಹಾಕಿ ಪಂಕ್ತಿಯಲ್ಲಿ ಜಾಗ ಹಿಡಿದಿದ್ದರು. ಈಗ ಎಂಬತ್ತು ದಾಟಿದ್ದಾರೆ. ಸಕ್ಕರೆ ಇಲ್ಲ, ರಕ್ತದೊತ್ತಡ ಇಲ್ಲ. ಮಾತ್ರೆ ನುಂಗುವವಳು ನಾನು.

ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ, ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ ಎಂದರು. ಚಪ್ಪಲಿ ತೆಗೆದುಕೊಂಡು ಮನೆಗೆ ಬಂದರೆ, ನನ್ನ ಮಗನಿಗೆಂದು ಬಂಧುಗಳೊಬ್ಬರು ಮೊಬೈಲಿಗೆ ಹೆಣ್ಣಿನ ಫೋಟೋ, ಜಾತಕ ಕಳುಹಿಸಿದ್ದರು. ಅತ್ತೆ ಕನ್ನಡಕ ಏರಿಸಿ ಮೊದಲು ನಕ್ಷತ್ರವನ್ನೇ ಓದಿದರು. ಆಶ್ಲೇಷಾ. ಮುಖ ಅರಳಿತು.

‘ಹುಡುಗಿ ಲಕ್ಷಣವಾಗಿದ್ದಾಳೆ, ಒಪ್ಪಿಕೊಂಡುಬಿಡು. ಇದು ಅತ್ತೆಗೆ ಮಾತ್ರ ಆಗದು, ಅಜ್ಜಿಗೆ ಏನೂ ಇಲ್ಲ.’