ಪಿಸ್ಟನ್ ಪಿನ್ನಿಗೆ ಸುತ್ತಿಗೆ ಏಟು ಬೇಡ

ಬೆಳಿಗ್ಗೆ ಹಾಲು ತರಲು ಹೋದವನು ಅರ್ಧ ಗಂಟೆ ಗ್ಯಾರೇಜೊಂದರ ಮುಂದೆ ನಿಂತುಬಿಟ್ಟೆ. ಹಳೆ ಯೆಜ್ಡಿ ಬೈಕಿನ ಎಂಜಿನ್ ಬಿಚ್ಚಿದ್ದರು. ಪಿಸ್ಟನ್ನನ್ನು ಅದರ ಕೆಳಗಿನ ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿಸ್ಟನ್ ಪಿನ್ ಜಾಮ್ ಆಗಿತ್ತು. ಹುಡುಗ ಅದಕ್ಕೊಂದು ಸರಳು ಕೊಟ್ಟು ಸುತ್ತಿಗೆಯಲ್ಲಿ ಬಾರಿಸುತ್ತಿದ್ದ. "ಬೇಡಪ್ಪಾ" ಅಂದೆ. "ಇದನ್ನ ಹಿಂಗೇ ತೆಗೆಯೋದು ಸಾರ್" ಅಂದ.

ಹಿಂಗಲ್ಲ. ಆ ಏಟು ಪಿನ್ನಿಗೆ ಮಾತ್ರ ಬೀಳುವುದಿಲ್ಲ. ಕನೆಕ್ಟಿಂಗ್ ರಾಡಿಗೆ ಅಡ್ಡಡ್ಡ ಬೀಳುತ್ತದೆ, ಅಲ್ಲಿಂದ ಕೆಳಗಿನ ಬೇರಿಂಗಿಗೆ. ರಾಡ್ ಒಂದು ಕೂದಲೆಳೆ ಬಾಗಿದರೂ ಪಿಸ್ಟನ್ ಬೋರಿನಲ್ಲಿ, ಅಂದರೆ ಸಿಲಿಂಡರಿನೊಳಗೆ, ಓರೆಯಾಗಿ ಓಡುತ್ತದೆ, ಒಂದೇ ಕಡೆ ಸವೆಯುತ್ತದೆ.

ಅಪ್ಪನದೂ ಒಂದು ಯೆಜ್ಡಿ, ರೋಡ್‌ಕಿಂಗ್ ಮಾಡೆಲ್. ಅದರ ಎಂಜಿನ್ ಕೆಲಸ ಮನೆಯಲ್ಲಿ ನಾನೇ ಮಾಡುತ್ತೇನೆ. ಮೊದಲ ಸಲ ಎಂಜಿನ್ ಬಿಚ್ಚಿದಾಗ ನಾನೂ ಹೊಡೆದಿದ್ದೆ. ರಾಡ್ ಬಾಗಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ, ಎದ್ದು ಒಳಗೆ ಹೋದರು. ಈ ಎಂಜಿನ್ನಿನ ಕ್ರ್ಯಾಂಕ್, ಅಂದರೆ ರಾಡ್ ತಿರುಗಿಸುವ ಕೆಳಗಿನ ದಂಡ, ತುಂಡುಗಳನ್ನು ಪ್ರೆಸ್ ಮಾಡಿ ಕೂಡಿಸಿದ್ದು. ರಾಡ್ ಬದಲಿಸಬೇಕಾದರೆ ಕ್ರ್ಯಾಂಕನ್ನೇ ಬಿಡಿಸಿ, ಮತ್ತೆ ಕೂಡಿಸಿ, ಕೂದಲೆಳೆಯ ಓರೆಯನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಎರಡು ಏಟಿಗೆ ಅಷ್ಟೆಲ್ಲ ಕೆಲಸ.

ಈ ಸಲ ಮನೆಯಲ್ಲೇ ಪುಲ್ಲರ್, ಅಂದರೆ ಪಿನ್ ಎಳೆದು ತೆಗೆಯುವ ಸಾಧನ, ಮಾಡಿಕೊಂಡೆ. ಪಿನ್ನಿನ ತೂತಿನೊಳಗೆ ತೂರುವ 8 ಎಂ.ಎಂ. ಥ್ರೆಡ್ ರಾಡ್, ಎರಡು ನಟ್ಟು, ವಾಷರ್‌ಗಳು, ಪಿನ್ ಒಳಗೆ ಜಾರುವಷ್ಟು ಅಗಲದ ಪೈಪ್ ತುಂಡು. ಪೈಪಿನ ಬಾಯಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿದೆ, ಪಿಸ್ಟನ್ನಿಗೆ ಗೀರು ಬೀಳಬಾರದಲ್ವಾ. ಆಚೆ ತುದಿಯ ವಾಷರನ್ನು ಮಾತ್ರ ಪಿನ್ನಿಗಿಂತ ಸಣ್ಣದಾಗಿ ಅರದಲ್ಲಿ ಉಜ್ಜಬೇಕು, ಅದೂ ಪಿನ್ನಿನ ಜೊತೆ ಒಳಗೆ ಹೋಗಬೇಕಲ್ಲ. ಕ್ರ್ಯಾಂಕ್ ಇರುವ ಕೇಸಿನ ಬಾಯಿಗೆ ಬಟ್ಟೆ ತುರುಕಿ, ಪಿನ್ ಜಾರದಂತೆ ತಡೆಯುವ ಸರ್ಕ್ಲಿಪ್ ತೆಗೆದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಆಮೇಲೆ 13ರ ಸ್ಪ್ಯಾನರ್ ತಿರುಗಿಸುತ್ತಾ ಹೋದೆ. ಪಿನ್ ಸದ್ದಿಲ್ಲದೆ ಪೈಪಿನೊಳಗೆ ಬಂತು. ಎಷ್ಟು ಖುಷಿಯಾಯಿತು ಅಂದರೆ ಅಪ್ಪನನ್ನು ಕೂಗಿ ಕರೆದೆ.

"ಪಿಸ್ಟನ್ನಿಗೆ ಆ ಕಡೆಯಿಂದ ಕೈ ಕೊಟ್ಟು ಹೊಡೆದರೆ ಏನೂ ಆಗಲ್ಲ, ಇಪ್ಪತ್ತು ವರ್ಷದಿಂದ ಮಾಡ್ತಿದ್ದೀವಿ" ಅನ್ನುವವರಿದ್ದಾರೆ. ಸಲೀಸಾಗಿ ಬರುವ ಪಿನ್ನಿಗೆ ಅದು ಸರಿ ಇರಬಹುದು. ಕಚ್ಚಿಕೊಂಡ ಪಿನ್ನಿಗೆ ಕೈಯ ಆಸರೆ ಎಲ್ಲಿ ಸಾಲುತ್ತದೆ? ಬಾಗಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ಆರು ತಿಂಗಳಾದ ಮೇಲೆ ಸದ್ದು ಶುರುವಾದರೆ ಆಯಿಲ್ ಸರಿ ಇಲ್ಲ ಅನ್ನುತ್ತಾರೆ.

ಈ ಯೆಜ್ಡಿಗಳನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ರಾಡು, ಕ್ರ್ಯಾಂಕು ಇನ್ನು ಹುಟ್ಟುವುದಿಲ್ಲ. ಇರುವುದನ್ನು ಸುಮ್ನೆ ಅವಸರಕ್ಕೆ ಹೊಡೆದು ಹಾಳು ಮಾಡುತ್ತೇವಲ್ಲ, ಅದಕ್ಕೇ ನನಗೆ ಸಂಕಟ. ಆ ಹುಡುಗನ ಮೇಲೆ ಸಿಟ್ಟಿಲ್ಲ. ಅವನಿಗೆ ಯಾರೂ ಬೇರೆ ದಾರಿ ತೋರಿಸಿಲ್ಲ, ಅಷ್ಟೇ.

ನಾಳೆ ಹಾಲಿಗೆ ಹೋಗುವಾಗ ಈ ಪುಲ್ಲರನ್ನು ಅವನಿಗೇ ಕೊಟ್ಟು ಬರುತ್ತೇನೆ. ನನಗೆ ಇನ್ನೊಂದು ಮಾಡಿಕೊಳ್ಳಲು ಪೈಪ್ ತುಂಡು ಉಳಿದಿದೆ.